ಬಾಸ್ ಗಿಟಾರಿಗೆ ಸಿಕ್ಕ ನ್ಯಾಯ

ಕಳೆದ ವಾರ ಮಾತು ಕೊಟ್ಟಂತೆ ಈ ಸಲ ಎಲ್ವಿಸ್ ಪ್ರೀಸ್ಲಿಯ ‘ಅಲೋಹಾ ಫ್ರಂ ಹವಾಯಿ’ಯ ಹೊಸ ಮಿಕ್ಸ್. ಕಾರ್ಯಕ್ರಮಕ್ಕೆ ಐವತ್ತು ವರ್ಷ ತುಂಬಿದಾಗ, 2023ರಲ್ಲಿ, ಮೂರು ಸಿ.ಡಿ. ಮತ್ತು ಒಂದು ಬ್ಲೂ-ರೇ ಸೇರಿದ ಪೆಟ್ಟಿಗೆಯಾಗಿ ಇದು ಹೊರಬಂತು. ಹಳೆಯ ಟೇಪುಗಳನ್ನು ಮತ್ತೆ ಮಿಕ್ಸ್ ಮಾಡಿದವರು ಮೆಂಫಿಸ್‌ನ ಎಂಜಿನಿಯರ್ ಮ್ಯಾಟ್ ರಾಸ್-ಸ್ಪ್ಯಾಂಗ್.

ಹದ್ದಿನ ಚಿತ್ರದ ಬಿಳಿ ಉಡುಪು, ಹೊನೊಲುಲುವಿನ ಒಳಾಂಗಣ, ಉಪಗ್ರಹದ ಮೂಲಕ ನೇರ ಪ್ರಸಾರ, ಇದೆಲ್ಲ ಅಂಕಣದ ಓದುಗರಿಗೆ ಗೊತ್ತಿರುವುದೇ. 1973ರ ಜನವರಿ 14ರಂದು ಅಲ್ಲಿ ಮಧ್ಯರಾತ್ರಿ ಕಳೆದು ಅರ್ಧ ಗಂಟೆಗೆ ಹಾಡು ಶುರುವಾದಾಗ ಟೋಕಿಯೋದಲ್ಲಿ ಸಂಜೆ ಏಳೂವರೆ. ಅಮೆರಿಕದವರಿಗೆ ಅದು ಟಿ.ವಿ.ಯಲ್ಲಿ ಸಿಕ್ಕಿದ್ದು ಏಪ್ರಿಲ್ 4ಕ್ಕೆ. ಬೆಂಗಳೂರಿಗೆ ದೂರದರ್ಶನ ಬಂದದ್ದೇ 1981ರಲ್ಲಿ. ಹಾಗಾಗಿ ನಮ್ಮವರಿಗೆ ಈ ಕಾರ್ಯಕ್ರಮ ಮೊದಲು ಪರಿಚಯವಾದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಮಿಕ್ಸ್ ಹೇಗಿದೆ ಎಂಬುದು ನಮಗೆ ಮುಖ್ಯವಾಗುವುದು ಅದಕ್ಕೇ.

ಹಳೆಯ ಮಿಕ್ಸ್‌ನಲ್ಲಿ ಕಂಠ ಎಲ್ಲರಿಗಿಂತ ಎತ್ತರದಲ್ಲಿ ಕೂತಿತ್ತು. ಅದರ ಬೆನ್ನಿಗೆ ವಾದ್ಯವೃಂದದ ತುತ್ತೂರಿ, ಪಿಟೀಲು. ಜೇಮ್ಸ್ ಬರ್ಟನ್ನರ ಗಿಟಾರು ಸೋಲೋ ಬಂದಾಗ ಮಾತ್ರ ತಲೆಯೆತ್ತುತ್ತಿತ್ತು, ಜೆರಿ ಶೆಫ್ ಅವರ ಬಾಸ್ ಗಿಟಾರನ್ನು ಹುಡುಕಿಕೊಂಡು ಕೇಳಬೇಕಿತ್ತು. ಅಂದಿನ ಟಿ.ವಿ.ಯೊಳಗಿನ ಸಣ್ಣ ಸ್ಪೀಕರಿಗೆ ಅಷ್ಟು ಸಾಕಾಗಿತ್ತೋ ಏನೋ. ನಾಲ್ಕು ಸ್ಪೀಕರುಗಳ ಕ್ವಾಡ್ರಫೋನಿಕ್ ತಂತ್ರದಲ್ಲಿ ಬಂದ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದ ಜೋಡಿ ಎಲ್‌.ಪಿ.ಗೆ ಅದು ಸಾಲದು.

ಇಲ್ಲಿ ಒಂದು ಹಳೆಯ ಬಾಕಿ ತೀರಿಸಬೇಕಿದೆ. 2002ರಲ್ಲಿ ಜಂಕಿ ಎಕ್ಸ್‌ಎಲ್ ಎಂಬ ಡಚ್ ಸಂಗೀತಗಾರ ಎಲ್ವಿಸ್‌ನ ‘ಎ ಲಿಟಲ್ ಲೆಸ್ ಕಾನ್ವರ್ಸೇಶನ್’ ಹಾಡಿಗೆ ಕುಣಿತದ ತಾಳ ಹಚ್ಚಿದಾಗ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 2015ರಲ್ಲಿ ‘ಇಫ್ ಐ ಕ್ಯಾನ್ ಡ್ರೀಮ್’ ಆಲ್ಬಮ್ಮಿಗಾಗಿ ಎಲ್ವಿಸ್‌ನ ಕಂಠವನ್ನು ತೆಗೆದು ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಮುಂದೆ ನಿಲ್ಲಿಸಿದರು. ಅದೂ ಅಲ್ಲಿ ಮೊದಲ ಸ್ಥಾನ ಪಡೆಯಿತು. ಮೊದಲನೆಯದನ್ನು ಕುಣಿಯುವವರಿಗೆ ಬಿಟ್ಟುಬಿಡೋಣ. ಎರಡನೆಯದನ್ನು ನಾನು ಇಂದಿಗೂ ಒಪ್ಪಿಲ್ಲ. ಗಾಯಕ ಒಂದು ಸಾಲನ್ನು ಎಳೆದದ್ದು, ಇನ್ನೊಂದನ್ನು ನುಂಗಿದ್ದು ತನ್ನ ಪಕ್ಕದಲ್ಲಿ ನಿಂತ ವಾದಕನಿಗೆ ಉತ್ತರವಾಗಿ. ಆ ವಾದಕನನ್ನೇ ಎಬ್ಬಿಸಿ ಕಳಿಸಿದರೆ ಉಳಿದ ಕಂಠ ಯಾರೊಡನೆ ಮಾತಾಡಬೇಕು?

ರಾಸ್-ಸ್ಪ್ಯಾಂಗ್ ಹಿಡಿದದ್ದು ಬೇರೆ ದಾರಿ. ಅಂದು ವೇದಿಕೆಯ ಮೇಲಿದ್ದವರೇ ಇಲ್ಲೂ ಇದ್ದಾರೆ, ಅವರವರ ಜಾಗವನ್ನು ಅವರವರಿಗೆ ಮರಳಿಸಲಾಗಿದೆ. ಇದು ಸುಲಭದ ಕೆಲಸವಲ್ಲ. ವೇದಿಕೆಯ ಮೇಲೆ ಯಾವ ಮೈಕೂ ತನ್ನ ಎದುರಿನ ಸದ್ದನ್ನು ಮಾತ್ರ ಹಿಡಿಯುವುದಿಲ್ಲ. ಹಾಡುವವನ ಮೈಕಿನೊಳಕ್ಕೆ ಡ್ರಮ್ಮು ನುಗ್ಗಿರುತ್ತದೆ, ಡ್ರಮ್ಮಿನ ಮೈಕಿನೊಳಕ್ಕೆ ಜನರ ಕೂಗು. ಒಂದನ್ನು ಏರಿಸಿದರೆ ಮೂರು ಏರುತ್ತವೆ. ಪೂರ್ತಿ ಒರೆಸಲು ಹೋದರೆ ಸಭಾಂಗಣವೇ ಮಾಯವಾಗುತ್ತದೆ.

ಮಿಕ್ಸ್ ಬಗ್ಗೆ ಹೇಳಬೇಕಾದದ್ದು ಇನ್ನೂ ಇದೆ. ಆದರೆ ಬರೆಯಲು ಕೂತಾಗ ‘ಫೀವರ್’ ಮತ್ತೆ ಹಾಕಿದೆ, ಉಳಿದ ಜಾಗ ಅದಕ್ಕೇ ಸಲ್ಲಬೇಕು.

‘ಫೀವರ್’ ಎಂದರೆ ಹೆಚ್ಚಿನವರಿಗೆ 1958ರ ಪೆಗ್ಗಿ ಲೀ. ಎಲ್ವಿಸ್ ಅದನ್ನು 1960ರಲ್ಲಿ, ಸೇನೆಯಿಂದ ಮರಳಿದ ಹೊಸತರಲ್ಲಿ ಧ್ವನಿಮುದ್ರಿಸಿದ್ದ. ಹವಾಯಿಯಲ್ಲಿ ಅಷ್ಟು ದೊಡ್ಡ ವಾದ್ಯವೃಂದ ಬೆನ್ನಿಗಿದ್ದೂ ಈ ಹಾಡಿಗೆ ಅವನಿಗೆ ಸಾಕಾದದ್ದು ಇಬ್ಬರು: ಬಾಸ್‌ನಲ್ಲಿ ಶೆಫ್, ಡ್ರಮ್ಮಿನಲ್ಲಿ ರಾನಿ ಟಟ್. ಉಳಿದವರೆಲ್ಲ ಕೈಕಟ್ಟಿ ಕೂತಿದ್ದಾರೆ. ಕಂಠ ಏರುವುದೇ ಇಲ್ಲ, ಪಿಸುಮಾತಿಗೆ ಸಮೀಪದಲ್ಲೇ ಓಡಾಡುತ್ತದೆ. ಸಾಲಿಗೂ ಸಾಲಿಗೂ ನಡುವೆ ಕಾಲನ್ನು ಒಮ್ಮೆ ಅಲುಗಿಸುತ್ತಾನೆ, ಅದೇ ಕ್ಷಣಕ್ಕೆ ಟಟ್ ಪೆಟ್ಟು ಬೀಳುತ್ತದೆ, ಹೆಂಗಸರು ಕಿರುಚುತ್ತಾರೆ. ಚಿತ್ರವಿಲ್ಲದೆ ಬರೀ ಕಿವಿಯಲ್ಲಿ ಕೇಳುವವರಿಗೂ ಆ ಕಾಲು ಅಲುಗಿದ್ದು ತಿಳಿಯುತ್ತದೆ. ನಿರ್ದೇಶಕ ಮಾರ್ಟಿ ಪಸೆಟ್ಟಾ ವೇದಿಕೆಯನ್ನು ತಗ್ಗಿಸಿ ಜನರ ನಡುವಿಗೆ ಚಾಚಿದ್ದರ ಫಲ ಆ ಕಿರುಚಾಟದ ಹತ್ತಿರದಲ್ಲಿದೆ.

ಯಕ್ಷಗಾನದ ಚೆಂಡೆಯವರ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲಿರುವಂತೆ ಟಟ್ ಕಣ್ಣು ಎಲ್ವಿಸ್‌ನ ಮೈಮೇಲಿರುತ್ತಿತ್ತು. ಕೈ ಬೀಸಿದರೆ ಸಿಂಬಲ್, ಮೊಣಕಾಲು ಬಗ್ಗಿಸಿದರೆ ಬಾಸ್ ಡ್ರಮ್. 1969ರಿಂದ ಅವನೊಂದಿಗೆ ನುಡಿಸಿದ ಈ ಮಹಾನುಭಾವ ತೀರಿಕೊಂಡದ್ದು 2021ರಲ್ಲಿ. ಪೆಟ್ಟಿಗೆ ಇನ್ನೆರಡು ವರ್ಷ ಮೊದಲೇ ಬರಬೇಕಿತ್ತು ಎಂದು ಮನಸ್ಸು ಮರುಗುತ್ತದೆ.

ಪಿಟೀಲುಗಳ ಮೇಲೆ ನನಗೆ ಹಗೆಯಿಲ್ಲ. ಕ್ಯಾನ್ಸರಿಗೆ ಬಲಿಯಾದ ಹವಾಯಿಯ ಗೀತಕಾರ ಕೂಯಿ ಲೀ ಅವರ ‘ಐ’ಲ್ ರಿಮೆಂಬರ್ ಯು’ ಹಾಡಿಗೆ ಅವು ಬೇಕೇ ಬೇಕು. ಲೀ ಹೆಸರಿನ ಕ್ಯಾನ್ಸರ್ ನಿಧಿಗೆ ಈ ಕಾರ್ಯಕ್ರಮದಿಂದ 75,000 ಡಾಲರ್ ಸೇರಿತು. ನೂರು ಕೋಟಿ ಜನ ನೋಡಿದರು ಎಂಬ ಪ್ರಚಾರದ ಲೆಕ್ಕವನ್ನು ನಾನು ನಂಬುವುದಿಲ್ಲ. ಆ 75,000 ಡಾಲರಿನ ಬಗ್ಗೆ ನನಗೆ ಗೌರವವಿದೆ.

ಎಲ್ವಿಸ್‌ನ ಕಥೆ 1968ರ ಎನ್‌ಬಿಸಿ ಕಾರ್ಯಕ್ರಮದ ಕಪ್ಪು ಚರ್ಮದ ಉಡುಪಿಗೇ ಮುಗಿಯಿತು ಎನ್ನುವ ಪಂಗಡ ನಮ್ಮ ನಡುವೆಯೂ ಇದೆ. ಅಂಥವರಿಗೆ ನನ್ನದೊಂದು ಕೋರಿಕೆ. ಜನವರಿ 14ರ ಪ್ರಸಾರದಿಂದ ಶುರುಮಾಡಬೇಡಿ. ಅದಕ್ಕೆ ಎರಡು ದಿನ ಮೊದಲು, 12ರಂದು, ಅದೇ ಸಭಾಂಗಣದಲ್ಲಿ ಜನರ ಎದುರೇ ನಡೆದ ಪೂರ್ವಾಭ್ಯಾಸದ ಕಛೇರಿಯೂ ಈ ಪೆಟ್ಟಿಗೆಯಲ್ಲಿದೆ. ಉಪಗ್ರಹದ ಗಡಿಯಾರ ತಲೆಯ ಮೇಲಿಲ್ಲದ ಆ ರಾತ್ರಿ ಹಾಡು ಇನ್ನಷ್ಟು ಸಡಿಲ, ಇನ್ನಷ್ಟು ಬೆಚ್ಚಗೆ ಬಂದಿದೆ. ಮೊದಲು ಅದನ್ನು ಕೇಳಿ, ಆಮೇಲೆ ಪ್ರಸಾರಕ್ಕೆ ಬನ್ನಿ. ಇಡೀ ಪೆಟ್ಟಿಗೆ ಕೇಳಲು ಬಿಡುವಿಲ್ಲದವರು ‘ಫೀವರ್’ ಒಂದನ್ನಾದರೂ ಒಳ್ಳೆಯ ಸ್ಪೀಕರಿನಲ್ಲಿ ಕೇಳಲೇಬೇಕು. ಫೋನಿನ ಸ್ಪೀಕರಿಗೆ ಶೆಫ್ ಅವರ ಬಾಸ್ ದಕ್ಕುವುದಿಲ್ಲ.