ತುಕ್ಕು, ಕಿಲುಬು, ಸವೆತ: ಒಂದು ಪರಿಭಾಷಾ ವಿಮರ್ಶೆ

ಕನ್ನಡದ ಶಾಸ್ತ್ರಬರಹಗಳಲ್ಲಿ ಲೋಹಕ್ಕೆ ಒದಗುವ ಕೇಡುಗಳನ್ನೆಲ್ಲ ‘ತುಕ್ಕು’ ಎಂಬ ಒಂದೇ ಮಾತಿನಿಂದ ಸೂಚಿಸುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಇದು ಬರಿಯ ಶೈಲಿಯ ದೋಷವಲ್ಲ, ಅರ್ಥದ ದೋಷವೇ ಆಗಿದೆಯೆಂಬುದನ್ನು ತೈಲ ಶುದ್ಧೀಕರಣಾಗಾರದ ಶಾಖವಿನಿಮಯ ಕೊಳವೆಗಳ ನಿದರ್ಶನದಿಂದ ಪರಿಶೀಲಿಸಬಹುದು.

ಆಡುನುಡಿಯಲ್ಲಿ ಈ ಗೊಂದಲವಿಲ್ಲ. ಕೊಡಗಿನ ಉತ್ತರದಂಚಿನ ಕೊಡ್ಲಿಪೇಟೆಯಂತಹ ಮಳೆನಾಡಿನ ಊರಿನಲ್ಲಿ ಕತ್ತಿಗೆ ಹಿಡಿಯುವುದು ತುಕ್ಕು. ತಾಮ್ರದ ಹಂಡೆಗೆ ಹಿಡಿಯುವುದು ಕಿಲುಬು. ಹಂಡೆಯ ತಳ ತೆಳುವಾದರೆ ಅದು ಸವೆತ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೂ ತುಕ್ಕು, ಕಿಲುಬುಗಳು ಬೇರೆ ಬೇರೆ ಪದಗಳಾಗಿಯೇ ನಿಂತಿವೆ.

ಅದೇ ಮಂಗಳೂರಿನಲ್ಲಿ 1996ರಲ್ಲಿ ತೈಲ ಶುದ್ಧೀಕರಣಾಗಾರವೊಂದು ಕಾರ್ಯಾರಂಭ ಮಾಡಿತು. ಇಂತಹ ಸ್ಥಾವರಗಳಲ್ಲಿ ಕಚ್ಚಾ ತೈಲದೊಡನೆ ಬರುವ ಕ್ಲೋರೈಡ್ ಲವಣಗಳು ಕಾಯಿಸಿದಾಗ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುತ್ತವೆ. ಒಣ ಆವಿಯಾಗಿರುವವರೆಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ನೀರಿನ ಮೊದಲ ಹನಿ ಕಟ್ಟಿದೆಡೆಯಲ್ಲಿ ಅದು ಉಕ್ಕನ್ನು ಕೊರೆಯುತ್ತದೆ. ಹೆಚ್ಚು ಬಿಸಿಯಾದ ಕೊಳವೆಗಳಲ್ಲಿ ಗಂಧಕದ ಸಂಯುಕ್ತಗಳು ಉಕ್ಕನ್ನು ಸಲ್ಫೈಡಾಗಿ ಮಾರ್ಪಡಿಸುತ್ತವೆ. ಇದನ್ನು ತುಕ್ಕೆನ್ನಲಾಗದು, ತುಕ್ಕು ಜಲಾಂಶವುಳ್ಳ ಕಬ್ಬಿಣದ ಆಕ್ಸೈಡು. ಹಿತ್ತಾಳೆಯ ಕೊಳವೆಯ ಸ್ಥಿತಿ ಇನ್ನೂ ವಿಚಿತ್ರ. ಅದರೊಳಗಿನ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿದಾಗ ದಪ್ಪ ಕುಂದದೆಯೇ ಬಲ ಕುಂದುತ್ತದೆ. ಇದು ತುಕ್ಕೂ ಅಲ್ಲ, ಸವೆತವೂ ಅಲ್ಲ.

ಪದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. 2.11 ಮಿಲಿಮೀಟರು ದಪ್ಪದ ಕೊಳವೆ 5 ವರ್ಷಗಳಲ್ಲಿ ಸರಾಸರಿ 0.30 ಮಿಲಿಮೀಟರು ತೆಳುವಾಯಿತೆಂದು ಭಾವಿಸೋಣ. ವರ್ಷಕ್ಕೆ 0.06ರಂತೆ ಅದಕ್ಕೆ ಇನ್ನೂ ದೀರ್ಘಾಯುಷ್ಯವುಂಟೆಂದು ತೋರುತ್ತದೆ. ಆದರೆ ಅದೇ ಕೊಳವೆಯ ಒಂದು ಕುಳಿ ಆ ಅವಧಿಯಲ್ಲಿ 1.60 ಮಿಲಿಮೀಟರು ಆಳಕ್ಕೆ ಇಳಿದಿದ್ದರೆ, ಅದೇ ವೇಗದಲ್ಲಿ ಎರಡು ವರ್ಷ ತುಂಬುವ ಮೊದಲೇ ಗೋಡೆ ತೂತಾಗುತ್ತದೆ. ಸರಾಸರಿಯು ಸವೆತಕ್ಕೆ ಸಲ್ಲುವ ಅಳತೆ, ಕುಳಿಗೆ ಸಲ್ಲುವುದಲ್ಲ. ತೂತಾದ ಕೊಳವೆಯಿಂದ ತೈಲವು ತಂಪುನೀರಿಗೆ ಸೋರಿದರೆ ಬೆಂಕಿಯ ಭಯವುಂಟು.

ಆದುದರಿಂದ ಸಂಕ್ಷಾರವೆಂಬುದನ್ನು ಒಟ್ಟಿನ ಹೆಸರಾಗಿ ಇಟ್ಟುಕೊಂಡು, ಅದರ ಒಳಭೇದಗಳಿಗೆ ತುಕ್ಕು, ಕಿಲುಬು, ಸವೆತ, ಕುಳಿ ಎಂಬ ದೇಶ್ಯ ಪದಗಳನ್ನು ನಿಯತವಾದ ಅರ್ಥದಲ್ಲಿ ಬಳಸುವುದು ಯುಕ್ತ. ಹೊಸ ಪದಗಳನ್ನು ಟಂಕಿಸುವ ಮುನ್ನ, ವಿದ್ಯಾರ್ಥಿಯು ಮನೆಯಿಂದಲೇ ತಂದಿರುವ ವಿವೇಕವನ್ನು ಪಾಠಪುಸ್ತಕವು ಅಳಿಸದಿರಲಿ ಎಂಬುದೇ ನಮ್ಮ ಆಶಯ.