ಟಿಕೆಟ್ಟಿಟ್ಟು ಊಟ ಹಾಕುವ ಚರ್ಚು

ಅಮೆರಿಕದ ಸಣ್ಣ ಊರುಗಳ ಪ್ರೆಸ್ಬಿಟೇರಿಯನ್ ಚರ್ಚುಗಳು ಊರಿನವರಿಗೆಂದು ನಡೆಸುವ ಕೂಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ದುಡ್ಡು ತೆಗೆದುಕೊಂಡು ಊಟ ಹಾಕುತ್ತಾರೆ. ಇನ್ನೊಂದರಲ್ಲಿ ಮಕ್ಕಳಿಗೆ ಪುಕ್ಕಟೆಯಾಗಿ ಮಿಠಾಯಿ, ಬಲೂನು, ಬಣ್ಣದ ಮೊಟ್ಟೆ ಹಂಚುತ್ತಾರೆ. ಮೇಲುನೋಟಕ್ಕೆ ಎರಡನೆಯದು ಧರ್ಮಕಾರ್ಯ, ಮೊದಲನೆಯದು ವ್ಯಾಪಾರ. ಪೆನ್ಸಿಲ್ವೇನಿಯಾ, ಒಹಾಯೊ ಕಡೆಯ ಎರಡೂ ಬಗೆಯ ಕೂಟಗಳನ್ನು ಕಂಡ ನನಗೆ ಅನ್ನಿಸುವುದೇ ಬೇರೆ. ಊರಿನೊಡನೆ ನಿಜವಾದ ಲೇವಾದೇವಿ ಇಟ್ಟುಕೊಂಡಿರುವುದು ಟಿಕೆಟ್ಟು ಮಾರುವ ಚರ್ಚೇ.

ಟಿಕೆಟ್ಟಿನ ಈ ಊಟಕ್ಕೆ ಅಲ್ಲಿ ಸಪ್ಪರ್ ಅನ್ನುತ್ತಾರೆ. ಚರ್ಚಿನ ಮುಂದಿನ ಹುಲ್ಲಿನ ಮೇಲೆ ಅಕ್ಷರ ಬದಲಿಸುವ ಬೋರ್ಡೊಂದು ನಿಂತಿರುತ್ತದೆ. ಶನಿವಾರ ಸಂಜೆ ನಾಲ್ಕರಿಂದ ಏಳು, ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಇಷ್ಟು, ಕಟ್ಟಿಸಿಕೊಂಡು ಹೋಗಲೂಬಹುದು. ಜೂನಿನಲ್ಲಿ ಸ್ಟ್ರಾಬೆರಿ, ಸೆಖೆಗಾಲದಲ್ಲಿ ಐಸ್‌ಕ್ರೀಮು, ಅಕ್ಟೋಬರಿನಲ್ಲಿ ಟರ್ಕಿ ಇಲ್ಲವೆ ಹ್ಯಾಮ್, ಫೆಬ್ರವರಿಯ ಚಳಿಗೆ ಸೂಪು. ಈಸ್ಟರಿಗೆ ಮುಂಚಿನ ಲೆಂಟ್ ಎಂಬ ವ್ರತದ ದಿನಗಳ ಶುಕ್ರವಾರದ ಮೀನೂಟ ಹೆಚ್ಚಾಗಿ ಕ್ಯಾಥೊಲಿಕರ ಪಾಲು. ಅದರ ತಂಟೆಗೆ ಇವರು ಹೋಗುವುದು ಕಡಿಮೆ. ಒಂದೇ ಬೀದಿಯಲ್ಲಿ ನಾಲ್ಕು ಪಂಗಡದ ಚರ್ಚುಗಳಿರುವ ಊರಿನಲ್ಲಿ ತಾರೀಕುಗಳು ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದೂ ಒಂದು ರಾಜತಾಂತ್ರಿಕತೆಯೇ.

ಊಟ ನಡೆಯುವುದು ಆರಾಧನೆಯ ಜಾಗದಲ್ಲಲ್ಲ, ಸಾಮಾನ್ಯವಾಗಿ ಅದರ ಕೆಳಗಿನ ನೆಲಮಾಳಿಗೆಯಲ್ಲಿ. ಫೆಲೋಶಿಪ್ ಹಾಲ್ ಅನ್ನುವ ಆ ಜಾಗದಲ್ಲಿ ಮಡಚುವ ಮೇಜು, ಮಡಚುವ ಕುರ್ಚಿ, ಮೇಜಿನುದ್ದಕ್ಕೂ ಹಾಸಿದ ಬಿಳಿ ಕಾಗದ. ಬಾಗಿಲಲ್ಲಿ ನಗದಿನ ಡಬ್ಬಿ ಮುಂದಿಟ್ಟುಕೊಂಡ ಸಭಾಹಿರಿಯರು. ಮಾಂಸ ಅಲ್ಲೇ ದೊಡ್ಡ ರೋಸ್ಟರುಗಳಲ್ಲಿ ಬೇಯುತ್ತದೆ, ಪೈಗಳು ಮಾತ್ರ ಮನೆಮನೆಯಿಂದ ಬರುತ್ತವೆ. ಯಾರ ಪೈ ಮೊದಲು ಖಾಲಿಯಾಯಿತು, ಯಾರದು ಹಾಗೇ ಉಳಿಯಿತು ಎಂಬುದು ಭಾನುವಾರದ ಹೊತ್ತಿಗೆ ಊರಿಗೆಲ್ಲ ಗೊತ್ತು. ಸಸ್ಯಾಹಾರಿಗಳಿಗೊಂದು ಎಚ್ಚರಿಕೆ: ಬೀನ್ಸಿನಲ್ಲಿ ಬೇಕನ್ ಚೂರು ಇದ್ದೀತು, ಆಲೂಗಡ್ಡೆಯ ಮೇಲೆ ಸುರಿಯುವ ಗ್ರೇವಿ ಮಾಂಸದ ರಸವೇ. ಕೋಸಿನ ಸಲಾಡನ್ನೂ ಪೈಯನ್ನೂ ನಂಬಬಹುದು. ಪೈಯ ಕಣಕಕ್ಕೆ ಹಂದಿಕೊಬ್ಬು ಹಾಕುವ ಹಳಬರು ಈಗಲೂ ಇದ್ದಾರೆಂಬುದನ್ನು ಕೆದಕದಿದ್ದರೆ ಸರಿ.

ಈ ಊಟದ ಗುಣವಿರುವುದು ಉದ್ದನೆಯ ಮೇಜಿನಲ್ಲಿ. ಎಲ್ಲಿ ಕುರ್ಚಿ ಖಾಲಿಯಿದೆಯೋ ಅಲ್ಲಿ ಕೂರಬೇಕು. ಹಾಲಿನ ಡೈರಿಯವರು, ಸ್ಕೂಲ್ ಬಸ್ಸಿನ ಡ್ರೈವರು, ಕೌಂಟಿ ಆಸ್ಪತ್ರೆಯ ಡಾಕ್ಟರು, ಗಂಡ ತೀರಿಕೊಂಡ ಮೇಲೆ ಒಬ್ಬಳಿಗೋಸ್ಕರ ಅಡಿಗೆ ಮಾಡಲು ಬೇಸರವಾದ ಅಜ್ಜಿ, ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಣ್ಣುತ್ತಾರೆ. ಮೆಥಡಿಸ್ಟರೂ ಬರುತ್ತಾರೆ, ದೇವರ ಗೊಡವೆಯೇ ಬೇಡವೆನ್ನುವವರೂ ಬರುತ್ತಾರೆ. ಉಪದೇಶವಿಲ್ಲ. ಹೆಚ್ಚೆಂದರೆ ಊಟಕ್ಕೆ ಮೊದಲು ಒಂದು ಸಣ್ಣ ಪ್ರಾರ್ಥನೆ. ಸರದಿಯಲ್ಲಿ ಬಂದು ಹೋಗುವ ಊಟವಾದರೆ ಅದೂ ಇಲ್ಲ. ಟಿಕೆಟ್ಟಿಗೆ ದುಡ್ಡು ಕೊಟ್ಟವನ ಮೇಲೆ ಯಾರ ಋಣವೂ ಇಲ್ಲ, ತಲೆಯೆತ್ತಿ ಉಂಡು ಹೋಗುತ್ತಾನೆ. ಆ ದುಡ್ಡು ಚಾವಣಿಯ ರಿಪೇರಿಗೋ ಬಾಯ್ಲರಿಗೋ ಬಡವರಿಗೆ ದಿನಸಿ ಕೊಡುವ ಫುಡ್ ಪ್ಯಾಂಟ್ರಿಗೋ ಹೋಗುತ್ತದೆ. ನಮ್ಮ ಸೂರು ಸೋರುತ್ತಿದೆ, ನೀವು ಬಂದು ಉಂಡರೆ ನಿಂತೀತು ಎಂದು ದೇವರ ಮನೆಯವರು ಊರಿನ ಮುಂದೆ ಒಪ್ಪಿಕೊಳ್ಳುವುದರಲ್ಲಿ ಒಂದು ವಿನಯವಿದೆ.

ನಮ್ಮ ಕಡೆಯಿಂದ ಹೋದವರಿಗೆ ಇದು ಬೇಗ ಒಗ್ಗುವುದಿಲ್ಲ. ಧರ್ಮಸ್ಥಳದಲ್ಲೋ ಸಿದ್ಧಗಂಗೆಯಲ್ಲೋ ಉಂಡು ಬೆಳೆದವರಿಗೆ ದೇವರ ಸನ್ನಿಧಿಯ ಅನ್ನಕ್ಕೆ ಬೆಲೆ ಕಟ್ಟುವುದೇ ಅಪಚಾರ. ಆದರೆ ದಾಸೋಹದ ಹಿಂದೆ ಭಕ್ತರು ಕೊಡುವ ಅಕ್ಕಿ ಮೂಟೆಯಿದೆ, ಹುಂಡಿಯಿದೆ, ಸೇವೆಯ ರಶೀದಿಯಿದೆ, ಶತಮಾನಗಳ ಹೆಸರಿದೆ. ಅರವತ್ತೆಪ್ಪತ್ತು ಜನ ಸದಸ್ಯರಿರುವ ಹಳ್ಳಿ ಚರ್ಚಿಗೆ ಅದ್ಯಾವುದೂ ಇಲ್ಲ. ಮೇಲಾಗಿ ನಮ್ಮಲ್ಲೂ ಇದರ ನೆಂಟನೊಬ್ಬನಿದ್ದಾನೆ. 1908ರಲ್ಲಿ ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲಿಸ್ಟರೂ ಕೂಡಿ ಒಂದು ಸಂಯುಕ್ತ ಸಭೆ ಕಟ್ಟಿದರು; 1947ರಲ್ಲಿ ಅದು ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ (ಸಿ.ಎಸ್.ಐ.) ಬೆರೆಯಿತು. ಆ ಸಿ.ಎಸ್.ಐ. ಚರ್ಚುಗಳ ಸುಗ್ಗಿ ಹಬ್ಬದ ಹರಾಜನ್ನು ನೋಡಿದವರಿಗೆ ಗೊತ್ತು. ಒಂದು ಕುಂಬಳಕಾಯಿಗೆ, ಒಂದು ಹುಂಜಕ್ಕೆ ಪೇಟೆಯ ಬೆಲೆಯ ಹತ್ತರಷ್ಟು ಕೂಗಿ, ಗೆದ್ದವರು ಅದನ್ನು ಮತ್ತೆ ಹರಾಜಿಗೆ ಬಿಡುವುದುಂಟು. ಅಲ್ಲಿ ಮಾರಾಟವಾಗುವುದು ಕುಂಬಳಕಾಯಿಯಲ್ಲ ಎಂದು ಕೂಗುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು.

ಪ್ರೆಸ್ಬಿಟೇರಿಯನ್ನರೆಂದರೆ ನಗದ, ಕುಣಿಯದ, ಗಂಟೆಗಟ್ಟಲೆ ಉಪದೇಶ ಕೇಳುವ ಜನ ಎಂಬ ಹೆಸರಿದೆ. ಅದರಲ್ಲಿ ಸುಳ್ಳಿಲ್ಲ. ಅವರ ಮೂಲನೆಲವಾದ ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ದಿನಕ್ಕೆ ಸಾರ್ವಜನಿಕ ರಜೆ ಸಿಕ್ಕಿದ್ದೇ 1958ರಲ್ಲಿ. ಬೈಬಲ್ಲಿನಲ್ಲಿ ಹೇಳದ ಹಬ್ಬವೆಂದು ಅವರ ಚರ್ಚು ಅದನ್ನು ಶತಮಾನಗಳ ಕಾಲ ದೂರ ಇಟ್ಟಿತ್ತು. ಇಂದು ಅದೇ ವಂಶದ ಚರ್ಚುಗಳು ಡಿಸೆಂಬರಿನಲ್ಲಿ ಜೀವಂತ ಕುರಿ ಕತ್ತೆಗಳನ್ನು ತಂದು ಗೋದಲಿ ನಿಲ್ಲಿಸುತ್ತವೆ. ಸ್ಕಾಟ್ಲೆಂಡಿನಲ್ಲಿ ಈ ಪಂಗಡಕ್ಕೆ ಬುನಾದಿ ಹಾಕಿದ ಜಾನ್ ನಾಕ್ಸ್ ಎದ್ದು ಬಂದರೆ ಮೊದಲು ಬಯ್ಯುವುದು ಆ ಕತ್ತೆಯನ್ನಲ್ಲ. ಆದರೆ ಊರು ಕೂಡಿಸುವ ಚಪಲ ಇವರಿಗೆ ಹೊಸದಲ್ಲ. ಹಬ್ಬ ಬಿಟ್ಟ ಸ್ಕಾಟರು ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನವನ್ನೇ ಹಬ್ಬ ಮಾಡಿಕೊಂಡಿದ್ದರು. ಬೇಸಿಗೆಯಲ್ಲಿ ಸುತ್ತಲಿನ ಪ್ಯಾರಿಷುಗಳ ಜನ ಬಯಲಿನಲ್ಲಿ ಸೇರಿ ಹಲವು ದಿನ ಉಪದೇಶ, ಉಪವಾಸ, ಪ್ರಭುಭೋಜನ ನಡೆಸುತ್ತಿದ್ದರು. ಪಕ್ಕದಲ್ಲೇ ಬಿಯರಿನ ಪೀಪಾಯಿ, ಹುಡುಗ ಹುಡುಗಿಯರ ಕಣ್ಸನ್ನೆ. ಅಲ್ಲಿನ ಕವಿ ರಾಬರ್ಟ್ ಬರ್ನ್ಸ್ 1785ರ ಸುಮಾರಿಗೆ ಬರೆದ ‘ದ ಹೋಲಿ ಫೇರ್’ ಪದ್ಯ ಗೇಲಿ ಮಾಡಿದ್ದು ಈ ಜಾತ್ರೆಯನ್ನೇ. ವಲಸೆ ಹೋದವರು ಅದನ್ನೂ ಅಮೆರಿಕಕ್ಕೆ ಒಯ್ದರು. 1801ರ ಆಗಸ್ಟಿನಲ್ಲಿ ಕೆಂಟಕಿಯ ಕೇನ್ ರಿಜ್ ಎಂಬಲ್ಲಿ ಒಂದು ಸಣ್ಣ ಪ್ರೆಸ್ಬಿಟೇರಿಯನ್ ಪ್ರಾರ್ಥನಾಮಂದಿರದ ಸುತ್ತ ನಡೆದ ಪ್ರಭುಭೋಜನದ ಕೂಟಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಬಂದರೆಂದು ಅಂದಾಜು. ಆಗ ಆ ರಾಜ್ಯದ ಅತಿ ದೊಡ್ಡ ಪಟ್ಟಣ ಲೆಕ್ಸಿಂಗ್ಟನ್ನಿನ ಜನಸಂಖ್ಯೆಯೇ ಎರಡು ಸಾವಿರ ಮುಟ್ಟಿರಲಿಲ್ಲ. ಜಾತ್ರೆ ಕರಗಿತು, ಊಟ ನೆಲಮಾಳಿಗೆಗೆ ಇಳಿಯಿತು.

ಇಳಿಸಿದವರು ಹೆಂಗಸರು. ಈ ಕೂಟಗಳ ವಿಮರ್ಶೆಯಲ್ಲಿ ಹಗುರಾಗಿ ದಾಟಿಹೋಗಬಾರದ ಸಂಗತಿ ಇದು. ಹತ್ತೊಂಬತ್ತನೇ ಶತಮಾನದಲ್ಲಿ ಲೇಡೀಸ್ ಏಡ್ ಸೊಸೈಟಿಗಳು ಸಪ್ಪರ್ ನಡೆಸಿ, ಕೌದಿ ಹೊಲಿದು ಮಾರಿ, ಅಡಿಗೆ ಪುಸ್ತಕ ಅಚ್ಚು ಹಾಕಿಸಿ ಚರ್ಚಿಗೆ ಆರ್ಗನ್ನು, ಕಾರ್ಪೆಟ್ಟು, ಒಮ್ಮೊಮ್ಮೆ ಪಾದ್ರಿಯ ಸಂಬಳವನ್ನೂ ಒದಗಿಸಿದವು. ಒಹಾಯೊದ ಡೇಟನ್ನಿನ ಫಸ್ಟ್ ಪ್ರೆಸ್ಬಿಟೇರಿಯನ್ ಚರ್ಚಿನ ಹೆಂಗಸರು 1870ರ ದಶಕದಲ್ಲಿ ಕೂಡಿಸಿದ ಅಡಿಗೆ ಪುಸ್ತಕ ಆ ಕಾಲದ ಹೆಸರಾದ ಮಾದರಿಗಳಲ್ಲೊಂದು. ಪ್ರೆಸ್ಬಿಟೇರಿಯನ್ ವ್ಯವಸ್ಥೆಯ ಹೆಮ್ಮೆಯೆಂದರೆ ಬಿಷಪ್ಪರಿಲ್ಲದ ಆಡಳಿತ. ಸಭೆ ಆರಿಸಿದ ಹಿರಿಯರ ‘ಸೆಷನ್’ ಹೆಚ್ಚಿನದನ್ನೆಲ್ಲ ನಿರ್ಧರಿಸುತ್ತದೆ. ಆ ದುಡ್ಡು ದುಡಿದುಕೊಟ್ಟ ಹೆಂಗಸರು ಆ ಸೆಷನ್ನಿನಲ್ಲಿ ಕೂರುವಂತಾದದ್ದು, ಆಗ ಎರಡಾಗಿದ್ದ ಪಂಗಡದ ಉತ್ತರದ ಚರ್ಚಿನಲ್ಲಿ 1930ರಲ್ಲಿ, ದಕ್ಷಿಣದಲ್ಲಿ 1964ರಲ್ಲಿ. 1973ರಲ್ಲಿ ಬೇರೆಯಾದ ‘ಪ್ರೆಸ್ಬಿಟೇರಿಯನ್ ಚರ್ಚ್ ಇನ್ ಅಮೆರಿಕ’ದಲ್ಲಿ ಈಗಲೂ ಇಲ್ಲ. ಅಡಿಗೆಮನೆ ಸೊಗಸಾಗಿ ನಡೆಯುತ್ತದೆಂದು ಹೊಗಳುವಾಗ, ಬಹುಕಾಲ ಅದು ಮತವಿಲ್ಲದವರ ಖಜಾನೆಯಾಗಿತ್ತು ಎಂಬುದನ್ನೂ ಹೇಳಬೇಕು.

ಪುಕ್ಕಟೆ ಕೂಟಗಳ ವಿಷಯಕ್ಕೆ ಬಂದರೆ ನನ್ನ ಉತ್ಸಾಹ ಇಳಿಯುತ್ತದೆ. ಹ್ಯಾಲೋವೀನ್ ಹೊತ್ತಿಗೆ ನಡೆಯುವ ‘ಟ್ರಂಕ್ ಆರ್ ಟ್ರೀಟ್’ನಲ್ಲಿ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಕಾರುಗಳು ಸಾಲಾಗಿ ನಿಂತು ಡಿಕ್ಕಿ ತೆರೆಯುತ್ತವೆ, ವೇಷ ಹಾಕಿದ ಮಕ್ಕಳು ಡಿಕ್ಕಿಯಿಂದ ಡಿಕ್ಕಿಗೆ ಮಿಠಾಯಿ ಬಾಚುತ್ತಾ ಹೋಗುತ್ತಾರೆ. ಈಸ್ಟರಿನಲ್ಲಿ ಹುಲ್ಲಿನ ಮೇಲೆ ಚೆಲ್ಲಿದ ಸಾವಿರಾರು ಪ್ಲಾಸ್ಟಿಕ್ ಮೊಟ್ಟೆ ಹತ್ತು ನಿಮಿಷದಲ್ಲಿ ಮಾಯ. ಮನೆಗಳು ದೂರದೂರ ಇರುವ, ಕಾಲುದಾರಿಯಿಲ್ಲದ ಹೆದ್ದಾರಿಯ ಊರುಗಳಲ್ಲಿ ಮಕ್ಕಳಿಗೆ ಇದು ಕ್ಷೇಮ, ಒಪ್ಪೋಣ. ಆದರೆ ಯಾರೂ ಕೂರುವುದಿಲ್ಲ. ಮೇಜಿಲ್ಲ, ಮಾತಿಲ್ಲ. ಕೊಡುವವರು ಒಂದು ಕಡೆ, ತೆಗೆದುಕೊಳ್ಳುವವರು ಇನ್ನೊಂದು ಕಡೆ. ಕೊನೆಗೆ ಹೆಸರು, ಫೋನ್ ನಂಬರು ಬರೆದುಕೊಡಿ ಎಂಬ ಚೀಟಿ. ಪುಕ್ಕಟೆಯ ಬೆಲೆ ಆ ಚೀಟಿಯಲ್ಲಿದೆ. ಸಪ್ಪರಿನ ಟಿಕೆಟ್ಟು ಕೊಟ್ಟ ಕೂಡಲೆ ಲೆಕ್ಕ ಚುಕ್ತಾ. ಈ ಚೀಟಿ ಮುಂದಿನ ವಾರ ಫೋನು ಮಾಡುತ್ತದೆ.

ಊಟವಾದರೆ ಸಾಕು, ಎಲ್ಲ ಸರಿ ಎಂದೂ ಅಲ್ಲ. ಉತ್ತರ ಕೆರೊಲಿನಾದ ಮ್ಯಾಲರ್ಡ್ ಕ್ರೀಕ್ ಪ್ರೆಸ್ಬಿಟೇರಿಯನ್ ಚರ್ಚಿನ ಬಾರ್ಬೆಕ್ಯೂ ಈ ಪರಂಪರೆಯ ದೊಡ್ಡಣ್ಣ. 1929ರಲ್ಲಿ ಸಂಡೇ ಸ್ಕೂಲ್ ಕಟ್ಟಡದ ಖರ್ಚಿಗೆಂದು ಶುರುವಾದದ್ದು ದಶಕಗಳ ಮೇಲೆ ಟನ್ನುಗಟ್ಟಲೆ ಹಂದಿಮಾಂಸ, ಸಾವಿರಾರು ಗ್ಯಾಲನ್ ಬ್ರನ್ಸ್‌ವಿಕ್ ಸ್ಟ್ಯೂವಿನ ಮಟ್ಟಕ್ಕೆ ಬೆಳೆಯಿತು. ಒಂದು ಕಾಲಕ್ಕೆ ಹೊಲಗದ್ದೆಯ ನಡುವಿದ್ದ ಚರ್ಚನ್ನು ಷಾರ್ಲೆಟ್ ನಗರ ಬಂದು ನುಂಗಿತು. ನಡೆಯುತ್ತ ಬಂದದ್ದು ಅಕ್ಟೋಬರಿನ ಕೊನೆಯ ಭಾಗದಲ್ಲಿ, ಚುನಾವಣೆ ನವೆಂಬರಿನಲ್ಲಿ. ಹೀಗಾಗಿ ರಾಜ್ಯದ ರಾಜಕಾರಣಿಗಳೆಲ್ಲ ಕೈಕುಲುಕಲು ಸಾಲಾಗಿ ನಿಲ್ಲುವ ಪದ್ಧತಿಯೂ ಬಂತು. ಕಾರಿನಿಂದ ಇಳಿಯದೆ ಕಟ್ಟಿಸಿಕೊಂಡು ಹೋಗುವ ಸಾಲು ಬೇರೆ. ಮೆಚ್ಚಲೇಬೇಕಾದ ಸಂಘಟನೆ. ಆದರೆ ಸಪ್ಪರಿಗೆ ಒಂದು ಅಳತೆಯಿದೆ: ಬಡಿಸುವವರಿಗೆ ಉಣ್ಣುವವರ ಅರ್ಧದಷ್ಟು ಹೆಸರಾದರೂ ನೆನಪಿರಬೇಕು. ಅದನ್ನು ಮೀರಿದ ಮೇಲೆ ಅದು ಒಳ್ಳೆಯ ಹೋಟೆಲು.

ಸಣ್ಣ ಸಪ್ಪರಿನ ದೊಡ್ಡ ದೋಷವೂ ಅಡಿಗೆಮನೆಯಲ್ಲೇ ಇದೆ. ಹಾಲಿಗೆ ಬರಲು ಟಿಕೆಟ್ಟು ಸಾಕು, ಅಡಿಗೆಮನೆಗೆ ಹೋಗಲು ಮೂರು ತಲೆಮಾರು ಬೇಕು. ತೋಟದ ಕೆಲಸಕ್ಕೆ ಬಂದ ಮೆಕ್ಸಿಕನ್ನರು, ಆಸ್ಪತ್ರೆಗೆ ಬಂದ ಭಾರತೀಯರು, ಹೊಸದಾಗಿ ಮನೆ ಕೊಂಡ ದಂಪತಿ, ಎಲ್ಲರನ್ನೂ ನಗುನಗುತ್ತ ಕೂರಿಸಿ ಬಡಿಸುತ್ತಾರೆ. ಪಾತ್ರೆ ತೊಳೆಯುತ್ತೇನೆಂದು ಎದ್ದರೆ ‘ಬೇಡ ಬೇಡ, ನೀವು ಅತಿಥಿಗಳು’ ಎಂದು ಮತ್ತೆ ಕೂರಿಸುತ್ತಾರೆ. ಅದೇ ಹೊತ್ತಿಗೆ ಎಪ್ಪತ್ತು ದಾಟಿದ ಏಳೆಂಟು ಮಂದಿ ಮಂಡಿ ನೋವಿನಲ್ಲಿ ರೋಸ್ಟರು ಎತ್ತಿಳಿಸುತ್ತಿರುತ್ತಾರೆ. ಕೈಗಳೂ ಕಡಿಮೆಯಾಗುತ್ತಿವೆ: 1983ರಲ್ಲಿ ಉತ್ತರ ದಕ್ಷಿಣದ ಚರ್ಚುಗಳು ಒಂದಾದಾಗ 30 ಲಕ್ಷ ಮೀರಿದ್ದ ಸದಸ್ಯರು 2023ರ ಹೊತ್ತಿಗೆ 11 ಲಕ್ಷದ ಆಸುಪಾಸಿಗೆ ಇಳಿದಿದ್ದರು. ಸಭೆ ಕರಗಿ ಬಾಗಿಲು ಹಾಕಿದರೆ ಕಟ್ಟಡ ಪ್ರದೇಶದ ಆಡಳಿತವಾದ ಪ್ರೆಸ್ಬಿಟರಿಯ ವಶಕ್ಕೆ ಹೋಗುತ್ತದೆ, ಮಾರಾಟವೂ ಆಗಬಹುದು. ಆಗ ಊರು ಕಳೆದುಕೊಳ್ಳುವುದು ಭಾನುವಾರದ ಆರಾಧನೆಯೊಂದನ್ನೇ ಅಲ್ಲ. ರಕ್ತದಾನ ಶಿಬಿರ, ಮತಗಟ್ಟೆ, ಕುಡಿತ ಬಿಟ್ಟವರ ಸಭೆ, ಎಲ್ಲಕ್ಕೂ ಆಗಿಬರುತ್ತಿದ್ದ ಒಂದು ಹಾಲ್ ಹೋಗುತ್ತದೆ. ಅಮೆರಿಕದಲ್ಲಿ ಜನ ಸ್ವಂತ ಇಚ್ಛೆಯಿಂದ ಮಾಡುವ ಸೇವೆಯ ಅರ್ಧದಷ್ಟು ಧಾರ್ಮಿಕ ಸಂಸ್ಥೆಗಳ ಆಸರೆಯಲ್ಲೇ ನಡೆಯುತ್ತದೆಂದು ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 2000ದಲ್ಲಿ ಬಂದ ‘ಬೌಲಿಂಗ್ ಅಲೋನ್’ನಲ್ಲಿ ಲೆಕ್ಕ ಹಾಕಿದ್ದರು.

ಇತ್ತೀಚೆಗೆ ಕೆಲವು ಚರ್ಚುಗಳು ಟಿಕೆಟ್ಟು ತೆಗೆದು, ಕೈಲಾದಷ್ಟು ಹಾಕಿ ಎಂದು ಬಾಗಿಲಲ್ಲಿ ಬುಟ್ಟಿ ಇಟ್ಟಿವೆ. ನಾಲ್ಕು ಜನರ ಕುಟುಂಬಕ್ಕೆ ಟಿಕೆಟ್ಟಿನ ದುಡ್ಡು ಭಾರವಾಗುವ ಊರುಗಳಲ್ಲಿ ಇದು ಸರಿಯಾದ ತಿದ್ದುಪಡಿ. ಮುಂದಿನ ತಿದ್ದುಪಡಿ ಬುಟ್ಟಿಯ ಪಕ್ಕದಲ್ಲಿ ಆಗಬೇಕು: ಫೋನ್ ನಂಬರಿನ ಚೀಟಿ ಎತ್ತಿಟ್ಟು, ಮುಂದಿನ ತಿಂಗಳು ಆಲೂಗಡ್ಡೆ ಸುಲಿಯಲು ಬರುವವರ ಹೆಸರು ಬರೆಯುವ ಹಾಳೆ ಇಡಲಿ. ಹಿರಿಯರನ್ನು ಆರಿಸಿ ಆಡಳಿತ ಹಂಚಿಕೊಂಡ ಜನಕ್ಕೆ ಅಡಿಗೆಮನೆಯನ್ನು ಹಂಚಿಕೊಳ್ಳುವುದು ಕಷ್ಟವಾಗಬಾರದು.

ಅಂಥ ಊರುಗಳಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಯುಗಾದಿಗೋ ದೀಪಾವಳಿಗೋ ಕನ್ನಡ ಕೂಟಕ್ಕೆಂದು ಇಂಥ ಹಾಲನ್ನು ಬಾಡಿಗೆಗೆ ಹಿಡಿದು, ಅದೇ ಒಲೆಯ ಮೇಲೆ ಬಿಸಿಬೇಳೆ ಭಾತ್ ಬಿಸಿ ಮಾಡಿಕೊಂಡವರು ನಿಮ್ಮಲ್ಲಿ ಬೇಕಾದಷ್ಟಿದ್ದೀರಿ. ಬಾಡಿಗೆ ಕೊಟ್ಟರೆ ಬಾಂಧವ್ಯ ಮುಗಿಯಿತೆಂದುಕೊಳ್ಳಬೇಡಿ. ಮುಂದಿನ ಶನಿವಾರ ಬೋರ್ಡು ಕಂಡರೆ ಹೋಗಿ, ಟಿಕೆಟ್ಟು ಕೊಳ್ಳಿ, ಗ್ರೇವಿ ಬೇಡವೆನ್ನಿ, ಪೈ ಎರಡು ತುಂಡು ತಿನ್ನಿ. ಊಟವಾದ ಮೇಲೆ ಪಾತ್ರೆ ಒರೆಸುವ ಬಟ್ಟೆ ಕೇಳಿ. ಬೇಡವೆಂದರೆ ಇನ್ನೊಮ್ಮೆ ಕೇಳಿ.