ಜಗಲಿಯ ಓದು, ಅಂಗಳದ ಆಟ: ರಸಿಕರಿಗೊಂದು ಕೈಪಿಡಿ

ಮಕ್ಕಳು ಮನೆಯಲ್ಲೇ ಓದಿಕೊಂಡು ಆಡಿಕೊಂಡು ಇರುವ ಮನೆಗೆ ನೆಂಟರು ಬಂದರೆ ಬೆಲ್ಲ ನೀರು ಕುಡಿದು ಮುಗಿಸುವುದರೊಳಗೆ ಎರಡು ಪ್ರಶ್ನೆ ಬಂದೇ ಬರುತ್ತವೆ. ದಿನಕ್ಕೆ ಎಷ್ಟು ಗಂಟೆ ಪಾಠ? ಮಗ್ಗಿ ಎಲ್ಲಿಯವರೆಗೆ ಬರುತ್ತದೆ? ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ತಾಳಮದ್ದಳೆಗೆ ಬಂದು ಕೂತವರು ಭಾಗವತರು ಎಷ್ಟು ಪದ್ಯ ಹೇಳಿದರು ಎಂದು ಎಣಿಸಿ ಎದ್ದು ಹೋದರೆ ಹೇಗೆ? ಪದ್ಯ ಬೇಕು, ಅದಿಲ್ಲದೆ ಕೂಟವೇ ಇಲ್ಲ. ಜನ ಕೂತದ್ದು ಮಾತ್ರ ಅರ್ಥ ಕೇಳಲಿಕ್ಕೆ. ಅದೇ ಪ್ರಸಂಗ, ಅದೇ ಪದ್ಯ. ಪದ್ಯಕ್ಕೆ ಮಾತು ಕಟ್ಟುವ ಅರ್ಥಧಾರಿ ಇವತ್ತು ಏನು ಹೇಳುತ್ತಾನೆ ಎಂಬುದೇ ಕುತೂಹಲ. ಮನೆಯ ಓದಿನಲ್ಲೂ ಪುಸ್ತಕ ಬರೀ ಪ್ರಸಂಗ. ಅದನ್ನು ಕೇಳಿ ಎದ್ದ ಮಕ್ಕಳು ಅಂಗಳದಲ್ಲಿ ಕಟ್ಟುವ ಆಟವೇ ಅದರ ಅರ್ಥಗಾರಿಕೆ. ಅದನ್ನು ನೋಡಲು, ಕೇಳಲು ಹೊಸದಾಗಿ ಕಲಿಯುವವರಿಗಾಗಿ ಈ ನಾಲ್ಕು ಮಾತು.

ಮಂಡೆಕೋಲಿನಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಸುಳ್ಯ ತಾಲೂಕಿನ ಈ ಊರು ಕೇರಳದ ಗಡಿಗೆ ತಾಗಿಕೊಂಡಿದೆ. ಆಚೆ ಕಾಲಿಟ್ಟರೆ ಕಾಸರಗೋಡು ಜಿಲ್ಲೆ. ಒಂದು ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ತುಳು, ತೋಡು ದಾಟಿದರೆ ಮಲಯಾಳ, ಗುಡ್ಡದ ಮೇಲಿನ ಮನೆಯಲ್ಲಿ ಹವ್ಯಕ ಕನ್ನಡ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಮಾತೂ ಅಲ್ಲ. ಆದ್ದರಿಂದ ಅಜ್ಜಿ ಪುಸ್ತಕ ಹಿಡಿದು ಎರಡು ಸಾಲು ಓದಿದ ಮೇಲೆ ಕನ್ನಡಕ ಮೇಲೆ ಸರಿಸಿ, ತನ್ನ ಮಾತಿನಲ್ಲಿ ಅದನ್ನು ಹೇಳಲೇಬೇಕಾಗುತ್ತದೆ. ಅರ್ಥಗಾರಿಕೆ ಅಲ್ಲಿಂದಲೇ ಶುರುವಾಯಿತು. ಬೇರೆ ಕಡೆಯವರು ಇದನ್ನು ಕೊರತೆ ಎನ್ನಬಹುದು. ನನಗೆ ಇದು ಸಂಪತ್ತಾಗಿ ಕಾಣುತ್ತದೆ.

ಹಾಗೆಂದು ಇಲ್ಲಿಯ ಮಕ್ಕಳೆಲ್ಲ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಾರೆ ಎಂದುಕೊಳ್ಳಬೇಡಿ. ಹೆಚ್ಚಿನವರು ಊರ ಶಾಲೆಗೇ ಹೋಗುವವರು. ಜಗಲಿಯ ಶಾಲೆ ನಡೆಯುವುದು ಸಂಜೆಗೆ, ಏಪ್ರಿಲ್ ಮೇ ರಜೆಗೆ, ಮತ್ತೆ ಜೂನ್ ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಸಾರಿದ ದಿನಗಳಿಗೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಮಾತ್ರ ಎಲ್ಲ ಮನೆಗಳೂ ಒಮ್ಮೆಗೇ ಶಾಲೆಯಾದವು. ವಿದ್ಯಾಗಮದ ಹೆಸರಿನಲ್ಲಿ ಮೇಷ್ಟ್ರು ಟೀಚರುಗಳೇ ಮಕ್ಕಳಿದ್ದಲ್ಲಿಗೆ ಬಂದು ಪಾಠ ಮಾಡಿದರು. 2021ರ ಮಳೆಗಾಲದಲ್ಲಿ ಇದೇ ತಾಲೂಕಿನ ಅಪ್ಪನೊಬ್ಬರು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಸುತ್ತಿತು. ಚಿತ್ರ ನೋಡಿದವರು ನೆಟ್‌ವರ್ಕಿನ ಬಗ್ಗೆ ಮಾತಾಡಿದರು. ನಾನು ಆ ಕೊಡೆಯನ್ನು ನೋಡಿದೆ. ಕಲಿಯುವ ಮಗುವಿನ ಪಕ್ಕದಲ್ಲಿ ದೊಡ್ಡವರೊಬ್ಬರು ಸುಮ್ಮನೆ ನಿಲ್ಲುವುದಿದೆಯಲ್ಲ, ರಸಿಕನ ಮೊದಲ ಅರ್ಹತೆ ಅದು.

ಮೊದಲು ಕಿವಿ. ಮಕ್ಕಳ ಪುಸ್ತಕವನ್ನು ಕಣ್ಣಿನಲ್ಲಿ ಓದಿ ತೂಗಬಾರದು, ದೊಡ್ಡ ಬಾಯಿ ಮಾಡಿ ಓದಿ ನೋಡಬೇಕು. ಇದಕ್ಕೆ ನಮ್ಮ ಜಿಲ್ಲೆಯಲ್ಲಿ ಪಂಜೆ ಮಂಗೇಶರಾಯರಿಗಿಂತ ಒಳ್ಳೆಯ ಗುರು ಸಿಗಲಾರರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಕವಿಶಿಷ್ಯ ಎಂಬ ಹೆಸರಿನಲ್ಲಿ ಬರೆದವರು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರು. ಮೇಷ್ಟ್ರಾಗಿ ಮಕ್ಕಳ ಮುಂದೆ ನಿಂತು ಗೊತ್ತಿದ್ದ ಮನುಷ್ಯ. ಅವರ ‘ತೆಂಕಣ ಗಾಳಿಯಾಟ’ವನ್ನು ಮಳೆ ಹೊಡೆಯುವ ಮಧ್ಯಾಹ್ನ ಗಟ್ಟಿಯಾಗಿ ಓದಿ. ಗಾಳಿಯ ಕಿತಾಪತಿ ಶಬ್ದದಲ್ಲೇ ಇದೆ. ಅರ್ಥ ಬಿಡಿಸಿ ಹೇಳುವ ಮೊದಲೇ ಮಗು ಎದ್ದು ಕೈ ಬೀಸಿರುತ್ತದೆ. ‘ನಾಗರ ಹಾವೆ’ ಹಾವನ್ನು ಎದುರಿಗೆ ನಿಲ್ಲಿಸಿ ಮಾತಾಡಿಸುವ ಹಾಡು. ಹಾಗಾಗಿ ಓದಿದ ಕೂಡಲೇ ಒಬ್ಬರು ಹಾವಾಗಬೇಕಾಗುತ್ತದೆ. ಆಟ ಹುಟ್ಟುವ ಜಾಗವನ್ನು ಕವಿ ಬಿಟ್ಟೇ ಬರೆದಿದ್ದಾರೆ. ಇಂಥ ಜಾಗ ಬಿಟ್ಟಿದ್ದಾರೋ ಇಲ್ಲವೋ ನೋಡುವುದೇ ಒಳ್ಳೆಯ ಪುಸ್ತಕ ಗುರುತಿಸುವ ಉಪಾಯ.

ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆಯನ್ನೇ ತೆಗೆದುಕೊಳ್ಳಿ. ಒಂದು ಯಾಕೆಗೆ ಇನ್ನೊಂದು ಯಾಕೆ ಕೊಂಡಿ ಹಾಕಿಕೊಂಡು ಹೋಗುವ ಸರಪಳಿ ಕಥೆ. ಇದನ್ನು ಕೇಳಿದ ಇಲ್ಲಿನ ಒಂದು ಮನೆಯ ಅಕ್ಕ ತಮ್ಮ ಮಾರನೇ ದಿನ ಅಂಗಳದಲ್ಲಿ ಆಡಿದ್ದು ಹೀಗೆ. ಅಡಿಕೆ ಹರವಿದ ಸಮಯ. ಅದು ಒಣಗಿ ಚಾಲಿ ಆಗಬೇಕಾದರೆ ನಲವತ್ತು ನಲವತ್ತೈದು ದಿನದ ಒಳ್ಳೆ ಬಿಸಿಲು ಬೇಕು, ನಡುವೆ ಒಂದು ಮಳೆ ಬಂದರೂ ಮನೆಮಂದಿಯ ಮುಖ ಬಾಡುತ್ತದೆ. ಅಕ್ಕ ಒಂದು ಅಡಿಕೆಯನ್ನು ಕಿವಿಯ ಹತ್ತಿರ ಹಿಡಿದು ಕೇಳಿದಳು:

“ಅಡಿಕೆ ಅಡಿಕೆ, ನೀನು ಎಂತಕ್ಕೆ ಒಣಗ್ಲಿಲ್ಲ?”

“ನನ್ನ ಮೇಲೆ ಮಳೆ ಬಂತು.”

“ಟರ್ಪಾಲು ಎಂತಕ್ಕೆ ಹಾಕ್ಲಿಲ್ಲ?”

“ಅಪ್ಪ ಮನೆಯಲ್ಲಿ ಇರ್ಲಿಲ್ಲ.”

“ಅಪ್ಪ ಎಲ್ಲಿಗೆ ಹೋದ್ದು?”

“ತೋಟಕ್ಕೆ. ಆನೆ ಬಂದಿತ್ತು.”

“ಆನೆ ಆನೆ, ನೀನು ಎಂತಕ್ಕೆ ಬಂದದ್ದು?”

ತಮ್ಮ ಇಲ್ಲಿ ನಿಂತ. ಉತ್ತರ ಇರಲಿಲ್ಲವೆಂದಲ್ಲ, ಹುಡುಕುತ್ತಿದ್ದ. ಕೊನೆಗೆ ಹೇಳಿದ: “ಮರಿ ಕೂಗ್ತಾ ಇತ್ತು. ಅದಕ್ಕೆ ಬಾಳೆ ಬೇಕಂತೆ.”

ರಸಿಕ ತಲೆದೂಗಬೇಕಾದ ಜಾಗ ಇದು. ಸರಪಳಿ ಕಥೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿದು ಎಲ್ಲಿಯೋ ಒಂದು ಸಣ್ಣ ಜೀವದ ಹತ್ತಿರ ನಿಲ್ಲಬೇಕು ಎಂಬ ಕಟ್ಟು ಆ ಹುಡುಗನಿಗೆ ಯಾರೂ ಹೇಳಿಕೊಡದೆ ಸಿಕ್ಕಿತ್ತು. ಸಿಗಡಿಯ ಜಾಗಕ್ಕೆ ಅಡಿಕೆ ಬಂತು, ಕಡಲ ಕರೆ ಹೋಗಿ ಮಂಡೆಕೋಲಿನ ತೋಟ ಬಂತು, ಕಟ್ಟು ಹಾಗೇ ಉಳಿಯಿತು. ಈ ಹೊತ್ತಿನಲ್ಲಿ ಯಾರಾದರೂ ನಡುವೆ ಬಂದು “ಸಿಗಡಿ ಅಂದರೆ ಏನು ಹೇಳು ನೋಡುವ” ಎಂದರೆ ಮುಗಿಯಿತು, ಕೂಟ ಅಲ್ಲಿಗೇ ಬರ್ಖಾಸ್ತು.

ಪುಸ್ತಕ ಆರಿಸುವಾಗ ನೀತಿಯ ಬಗ್ಗೆ ಎಚ್ಚರ ಬೇಕು. ನೀತಿ ಇರಲೇಬಾರದು ಎಂದಲ್ಲ. ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯದಲ್ಲಿ ಜಂಬಕ್ಕೆ ಬುದ್ಧಿ ಕಲಿಸುವ ನೀತಿ ಎದ್ದು ಕಾಣುತ್ತದೆ. ಮಕ್ಕಳು ಮಾತ್ರ ನೀರಿಗೆ ಬಿದ್ದ ತುತ್ತೂರಿಯ ಹಾಳಾದ ದನಿಯನ್ನು ಹತ್ತು ಸಲ ಮಾಡಿ ನಗುತ್ತಾರೆ. ಜಂಬದ ಮಾತು ದೊಡ್ಡವರಿಗೆ ಬಿಟ್ಟದ್ದು. ಕುವೆಂಪು ಹ್ಯಾಮೆಲಿನ್ನಿನ ಕಥೆಯನ್ನು ಬ್ರೌನಿಂಗನಿಂದ ಎತ್ತಿಕೊಂಡು ಬೊಮ್ಮನಹಳ್ಳಿಗೆ ತಂದರಲ್ಲ, ಆ ‘ಕಿಂದರಿಜೋಗಿ’ಯಲ್ಲೂ ಅಷ್ಟೆ: ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬ ಪಾಠಕ್ಕಿಂತ ಇಲಿಗಳ ದಂಡೇ ಮಕ್ಕಳಿಗೆ ಮುಖ್ಯ. ನೀತಿಯನ್ನು ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಕೆಳಗೆ ಐದು ಪ್ರಶ್ನೆ ಕೊಟ್ಟಿರುವ ಪುಸ್ತಕಗಳನ್ನು ನಾನು ತರುವುದಿಲ್ಲ. ಯಾರಾದರೂ ಉಡುಗೊರೆ ಕೊಟ್ಟರೆ ಆ ಪುಟವನ್ನು ದೋಣಿ ಮಾಡಲು ಬಿಡುತ್ತೇನೆ.

ಚಿತ್ರಪುಸ್ತಕ ನೋಡುವ ಕ್ರಮ ಬೇರೆ. ದೊಡ್ಡವರು ಅಕ್ಷರ ಓದಿ ಪುಟ ತಿರುಗಿಸಿಬಿಡುತ್ತಾರೆ, ಮಗು ಇನ್ನೂ ಮೂಲೆಯ ಬೆಕ್ಕನ್ನು ನೋಡುತ್ತಿರುತ್ತದೆ. ಮೊದಲ ಸಲ ಮಾತಿಲ್ಲದೆ ಪುಟ ತಿರುಗಿಸಿ. ಎರಡನೇ ಸಲ ಓದಿ. ಬರಹದಲ್ಲಿ ಇಲ್ಲದ್ದು ಚಿತ್ರದಲ್ಲಿ ಏನಿದೆ ಎಂದು ಆಮೇಲೆ ಹುಡುಕಿ. ಪುಟ ತಿರುಗಿಸುವ ಮುನ್ನ ಒಂದು ಉಸಿರು ತಡೆಯುವುದನ್ನು ಕಲಿತರೆ ಅರ್ಧ ಕೆಲಸ ಆಯಿತು. ಬೆಲೆಯ ಚಿಂತೆ ಇದ್ದವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಇದೆ. ಕನ್ನಡದ ಚಿತ್ರಕಥೆಗಳನ್ನು ಕಾಸಿಲ್ಲದೆ ಓದಬಹುದು, ಇಳಿಸಿಕೊಂಡು ಅಚ್ಚು ಹಾಕಿಸಬಹುದು. ಮೊಬೈಲಿನಲ್ಲೇ ತೋರಿಸುವುದಾದರೆ ಮಗುವಿನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಬೇಡಿ. ಜೊತೆಗೆ ಕೂತು ಓದುವ ದನಿ ಇಲ್ಲದಿದ್ದರೆ ಅದು ಬರೀ ಬೆಳಕು.

ಇನ್ನು ಆಟ. ಸಾಮಾನಿಗೆ ಪೇಟೆಗೆ ಹೋಗಬೇಕಾಗಿಲ್ಲ. ಅಡಿಕೆ ಹಾಳೆ, ಗೆರಟೆ, ತೆಂಗಿನ ಗರಿ, ಸೋಗೆ, ಹಳೆ ಬೈರಾಸು. ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಎಳೆದರೆ ಅದು ಬಂಡಿ, ಕತ್ತರಿಸಿ ತಲೆಗಿಟ್ಟರೆ ಕಿರೀಟ. ‘ಜಾಣ ಮಕ್ಕಳ ಆಟಿಕೆ’ ಎಂದು ಪೆಟ್ಟಿಗೆಯ ಮೇಲೆ ಬರೆದು ಮಾರುವ ವಸ್ತುಗಳಲ್ಲಿ ಹೆಚ್ಚಿನವು ಒಂದೇ ಕೆಲಸ ಮಾಡುತ್ತವೆ. ಹಾಳೆಗೆ ಅಂಥ ಕಟ್ಟುಪಾಡಿಲ್ಲ.

ಈ ಭಾಗದ ತೋಟಗಳಿಗೆ ಕಾಡಾನೆ ನುಗ್ಗುವುದು ಹೊಸತಲ್ಲ. ಮಕ್ಕಳ ಆಟಕ್ಕೆ ಅದು ಬರದೆ ಇರುತ್ತದೆಯೇ? ನಾನು ಕಂಡ ಆನೆಯಾಟದಲ್ಲಿ ಎರಡು ಹಾಳೆ ಕಿವಿಯಾದವು, ಬೈರಾಸು ಸೊಂಡಿಲು. ಗೆರಟೆಗೆ ಗೆರಟೆ ಬಡಿದರೆ ಆನೆ ಓಡಿಸುವ ಗರ್ನಾಲು. ಒಬ್ಬಳು ಫಾರೆಸ್ಟಿನವಳಾಗಿ ನೋಟುಪುಸ್ತಕ ಹಿಡಿದು ಕೂತಿದ್ದಳು: ಬಾಳೆ ಎಷ್ಟು ಹೋಯಿತು, ತೆಂಗಿನ ಸಸಿ ಎಷ್ಟು, ಒಟ್ಟು ಎಷ್ಟಾಯಿತು. ಬಾಳೆಯ ‘ಳೆ’ ಬರೆಯಲು ಬಾರದೆ ಒಳಗೆ ಓಡಿ ಪುಸ್ತಕ ನೋಡಿ ಬಂದಳು. ಕೂಡಿಸುವ ಲೆಕ್ಕವನ್ನು ಯಾರೂ ಕೊಟ್ಟದ್ದಲ್ಲ, ನಷ್ಟದ ಪಟ್ಟಿಗೆ ಅದು ಬೇಕಾಯಿತು. ಆನೆಯಾದವನು ಮಾತ್ರ ಓಡಿಸಿದರೂ ಹೋಗಲಿಲ್ಲ. “ಆನೆಗೆ ಮನೆ ಎಲ್ಲುಂಟು ಅಂತ ಹೇಳಿ, ಹೋಗ್ತೇನೆ” ಎಂದ. ಅಲ್ಲಿಗೆ ಆಟ ನಿಂತು ವಾದ ಶುರುವಾಯಿತು. ಅದೇನು ಸಾಮಾನ್ಯ ವಾದವೇ! ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ.

ಇಂಥ ಆಟ ನೋಡುವವರು ಮೂರು ಸಂಗತಿ ಗಮನಿಸಿ. ಯಾವ ಪಾತ್ರ ಯಾರಿಗೆ ಬಂತು, ಅದು ಹೇಗೆ ತೀರ್ಮಾನವಾಯಿತು. ನಿನ್ನೆಯ ಕಥೆಯಲ್ಲಿ ಇದ್ದದ್ದರಲ್ಲಿ ಇವತ್ತು ಏನನ್ನು ಬಿಟ್ಟರು. ಜಗಳ ಎಲ್ಲಿ ಬಂತು. ಜಗಳ ಬಂದ ಜಾಗದಲ್ಲೇ ಹೊಸ ನಿಯಮ ಹುಟ್ಟುತ್ತದೆ. ಕರೆಯದೆ ಆಟಕ್ಕೆ ಇಳಿಯಬೇಡಿ. ಕರೆದರೆ ಕೊಟ್ಟ ಪಾತ್ರ ಮಾಡಿ, ಮರವಾಗಿ ನಿಲ್ಲು ಎಂದರೆ ಮರವಾಗಿ ನಿಲ್ಲಿ. ವಿಡಿಯೋ ಮಾಡಲು ಮೊಬೈಲ್ ಎತ್ತಿದ ಕೂಡಲೇ ಮಕ್ಕಳು ನಿಮಗಾಗಿ ನಟಿಸತೊಡಗುತ್ತಾರೆ, ಆಟ ಹೋಗುತ್ತದೆ.

ಮಳೆಗಾಲದ ಆಟಿ ತಿಂಗಳಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಬೀಜ. ನಾಲ್ಕರ ಮಗ್ಗಿ ಇಲ್ಲೇ ಉಂಟಲ್ಲ ಎಂದು ಹಿಗ್ಗುವ ಅಪ್ಪಂದಿರಿದ್ದಾರೆ. ಇರಲಿ, ಆದರೆ ಮುಂದಿನ ಕೈಗೆ ಯಾವ ಗುಳಿ ಖಾಲಿಯಾಗಬೇಕು ಎಂದು ಎಂಟು ವರ್ಷದವಳು ತುಟಿ ಕಚ್ಚಿ ಯೋಚಿಸುವುದನ್ನು ನೋಡುವ ಸುಖವೇ ಬೇರೆ.

ಮಕ್ಕಳು ಓದಿ ಆಡಿಯೇ ಕಲಿಯಲಿ ಎಂಬ ಯೋಚನೆ ಹೊರಗಿನಿಂದ ಬಂದದ್ದೇನೂ ಅಲ್ಲ. ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನ ಇದೆ. ಅಲ್ಲಿ ಅವರು ಮಕ್ಕಳನ್ನು ಸೇರಿಸಿ ನಾಟಕ, ಕುಣಿತ, ಕಲಿಕೆಯ ಪ್ರಯೋಗ ನಡೆಸಿದರು. ತಮ್ಮ ಮಕ್ಕಳನ್ನೂ ಆರಂಭದ ವರ್ಷಗಳಲ್ಲಿ ಶಾಲೆಗಿಂತ ಮನೆಯಲ್ಲೇ ಬೆಳೆಸಿದರು. 1930ರ ದಶಕದಲ್ಲೇ ಮೂರು ಸಂಪುಟದ ‘ಬಾಲ ಪ್ರಪಂಚ’ ಬರೆದರು. ಆ ಮನೆಯಲ್ಲಿ ಬೆಳೆದ ಮಗಳು ಮಾಳವಿಕಾ ಕಪೂರ್ ಮಕ್ಕಳ ಮನಶ್ಶಾಸ್ತ್ರಕ್ಕೆ ಹೋದರು, ಮಗ ಉಲ್ಲಾಸ ಕಾರಂತರು ಹುಲಿಗಳ ಹಿಂದೆ ಹೋದರು. ಇವರಿಬ್ಬರೂ ತಂಗಿ ಕ್ಷಮಾ ರಾವ್ ಅವರೊಂದಿಗೆ ಸೇರಿ ಆ ಬಾಲ್ಯದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 2021ರಲ್ಲಿ ಬಂತು. ಅತ್ತ ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ ಹುಟ್ಟಿದ ನಿರಂಜನರು ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶದ ಏಳು ಸಂಪುಟಗಳನ್ನು ಸಂಪಾದಿಸಿದರು. ಅವರ ಪತ್ನಿ ಅನುಪಮಾ ನಿರಂಜನ ‘ದಿನಕ್ಕೊಂದು ಕಥೆ’ಯ ಹನ್ನೆರಡು ಸಂಪುಟ ಕೊಟ್ಟರು. ಮಕ್ಕಳಿಗಾಗಿ ಲೋಕವನ್ನೇ ಪುಸ್ತಕಕ್ಕೆ ಇಳಿಸುವ ಹುಚ್ಚು ನಮ್ಮ ಈ ಕಡೆಯ ನೀರಿನಲ್ಲೇ ಇದೆಯೋ ಏನೋ.

ಪೂರ್ತಿ ಮನೆಯಲ್ಲೇ ಕಲಿಸಲು ಹೊರಟವರಿಗೆ ಎರಡು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಮಕ್ಕಳಿಗೆ ಶಾಲೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆ. ಅದರ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಿ. ಇನ್ನೊಂದು, ಈ ಕೂಟಕ್ಕೆ ಮನೆಯಲ್ಲಿ ಬಿಡುವಿರುವ ಒಬ್ಬರು ಬೇಕೇ ಬೇಕು. ಹೆಚ್ಚಾಗಿ ಆ ಭಾರ ಅಮ್ಮನ ಮೇಲೆ ಬೀಳುತ್ತದೆ, ಹೊಗಳಿಕೆ ಮಾತ್ರ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ಅಪ್ಪ ವಾರಕ್ಕೆರಡು ಸಂಜೆ, ಅಜ್ಜ ಮಧ್ಯಾಹ್ನ ಓದುವುದೆಂದು ಮೊದಲೇ ಮಾತಾಡಿಕೊಳ್ಳಿ. ಅಜ್ಜಂದಿರು ಓದುವಾಗ ನಿದ್ದೆ ಹೋದರೆ ಮಕ್ಕಳೇ ಮುಂದಿನದನ್ನು ಕಟ್ಟಿ ಹೇಳುತ್ತಾರೆ, ಅದೂ ಒಳ್ಳೆಯದೇ.

ಶುರು ಮಾಡುವವರು ಪಂಜೆಯವರ ಮಕ್ಕಳ ಕಥೆ ಪದ್ಯಗಳ ಒಂದು ಪುಸ್ತಕ, ಅಕ್ಷರ ಕಡಿಮೆ ಇರುವ ಎರಡು ಚಿತ್ರಪುಸ್ತಕ, ತೋಟದಿಂದ ಆಗಷ್ಟೇ ಬಿದ್ದ ನಾಲ್ಕು ಹಾಳೆ ತಂದಿಟ್ಟುಕೊಳ್ಳಿ. ಒಂದೇ ಕಥೆಯನ್ನು ಮಕ್ಕಳು ಸಾಕೆನ್ನುವವರೆಗೆ ಓದಿ. ರಜೆಯಲ್ಲಿ ಒಂದು ದಿನ ಬಾಲವನಕ್ಕೆ ಹೋಗಿ ಬನ್ನಿ. ಸುಳ್ಯದ ರಂಗಮನೆಯಲ್ಲಿ ಮಕ್ಕಳ ನಾಟಕವಿದ್ದರೆ ಅದನ್ನೂ ಬಿಡಬೇಡಿ. ಹಾಳೆ ಒಣಗಿ ಸುರುಟಿಕೊಂಡರೆ ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಹಾಕಿ, ಮತ್ತೆ ಬಗ್ಗುತ್ತದೆ.